ಇಳಿಜಾರಿನಲ್ಲಿ ತಣ್ಣಗಾಗುತ್ತಿದ್ದ ಹೀಟರ್

ಬಣಕಲ್, ಕೊಟ್ಟಿಗೆಹಾರದ ಕಡೆ ಮಳೆಗಾಲದಲ್ಲಿ ಕಾರು ಓಡಿಸುವವರಿಗೆ ಹೀಟರ್ ಬೇಕಾಗುವುದು ಮುಂದಿನ ಗಾಜು ಕಾಣಲಿ ಅಂತ. ಮೈ ಬೆಚ್ಚಗಾಗುವುದು ಆಮೇಲಿನ ಮಾತು. ಒದ್ದೆ ಛತ್ರಿ, ಒದ್ದೆ ಚಪ್ಪಲಿ, ಅರ್ಧ ನೆನೆದ ಸೀರೆಯ ಅಂಚು, ಹಿಂದಿನ ಸೀಟಿನಲ್ಲಿ ಮಳೆಯಲ್ಲಿ ನಿಂತಿದ್ದು ಹತ್ತಿಸಿಕೊಂಡ ಇಬ್ಬರು ಮಕ್ಕಳು. ಇಷ್ಟಾದರೆ ಸಾಕು, ಹೊರಗಿನ ಥಂಡಿಗೆ ತಣ್ಣಗಾದ ಗಾಜಿನ ಒಳಮೈಗೆ ಆವಿ ಕಟ್ಟಿಬಿಡುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಒಂದು ತಿರುವು ದಾಟುವಷ್ಟು ಹೊತ್ತು ಕಾಣುತ್ತದೆ, ಮತ್ತೆ ಬಿಳಿ. ಬಿಸಿ ಗಾಳಿ ಗಾಜಿಗೆ ಬಡಿಯುತ್ತಿದ್ದರೆ ಮಾತ್ರ ಅದು ನಿಲ್ಲುವುದು. ಎದುರಿಗೆ ಮಂಗಳೂರಿನಿಂದ ಬರುವ ಬಸ್ಸು, ಪಕ್ಕದಲ್ಲಿ ಕಣಿವೆ ಇರುವ ಚಾರ್ಮಾಡಿ ಘಾಟಿಯಲ್ಲಿ ಇದು ಜೀವದ ಪ್ರಶ್ನೆ. ಅದಕ್ಕೇ ಕಾರಿನ ಹೀಟರ್ ಸೋತಾಗ ಅದರ ಮೂಲ ಹುಡುಕದೆ ಬಿಡಬಾರದು ಅಂತ ಹಟ ಹಿಡಿದೆ.

ಕಾರು 2003ರ ಮಾಡೆಲ್ಲಿನ ಸಣ್ಣ ಪೆಟ್ರೋಲ್ ಗಾಡಿ, ಕೆಎ 18 ನೋಂದಣಿ. ಹದಿನೈದು ವರ್ಷ ತುಂಬಿದ ಮೇಲೆ ಮರುನೋಂದಣಿ ಆಗಿ ಓಡುತ್ತಿದೆ. ಬಹುಕಾಲ ಕಡೂರಿನಲ್ಲಿ ನನ್ನ ಸೋದರಮಾವನ ಹತ್ತಿರ ಇತ್ತು. ನಾನು ಮೂಡಿಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಮನೆ ಬಣಕಲ್‌ನಲ್ಲಿ. ಬಸ್ಸಿಗೆ ಕಾಯುವ ಕಷ್ಟ ನೋಡಿ ಮಾವ ಕಾರು ಕೊಟ್ಟರು. ಎಂಜಿನ್ ಚೆನ್ನಾಗಿದೆ, ಬಾಡಿಗೆ ತುಕ್ಕು ಹಿಡಿದಿಲ್ಲ. ಬಯಲುಸೀಮೆಯಲ್ಲಿ ಇದ್ದದ್ದಕ್ಕೆ ಅದೊಂದು ಲಾಭ.

ತೊಂದರೆಗೆ ಒಂದು ವಿಚಿತ್ರ ನಡವಳಿಕೆ ಇತ್ತು. ಉಜಿರೆ ಕಡೆಯಿಂದ ಘಾಟಿ ಹತ್ತುವಾಗ, ಸೆಕೆಂಡ್ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿರುವಾಗ, ಹೀಟರ್ ತಕ್ಕಮಟ್ಟಿಗೆ ಬಿಸಿ ಕೊಡುತ್ತಿತ್ತು. ಕೊಟ್ಟಿಗೆಹಾರ ಬಿಟ್ಟು ಅದೇ ಘಾಟಿ ಇಳಿಯುವಾಗ, ಮಲಯಮಾರುತ ಅತಿಥಿಗೃಹ ದಾಟುವಷ್ಟರಲ್ಲಿ, ಗಾಳಿ ಉಗುರುಬೆಚ್ಚಗೂ ಇರುತ್ತಿರಲಿಲ್ಲ. ಮೀಟರಿನ ಟೆಂಪರೇಚರ್ ಮುಳ್ಳು ಹತ್ತುವಾಗ ಅರ್ಧದ ಹತ್ತಿರ ಬರುವುದು, ಇಳಿಯುವಾಗ ಕೆಳಗಿನ ಗೆರೆಗೆ ಜಾರುವುದು. ನಾನು ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಯಾವಾಗ ಬಿಸಿ, ಯಾವಾಗ ತಣ್ಣಗೆ, ಮುಳ್ಳು ಎಲ್ಲಿತ್ತು ಅಂತ. ಗ್ಯಾರೇಜಿಗೆ ಹೋಗಿ ‘ಹೀಟರ್ ವೀಕ್ ಆಗಿದೆ’ ಅಂದರೆ ಒಂದೇ ಉತ್ತರ ಸಿಗುತ್ತದೆ. ಈ ವಿವರ ಕೈಯಲ್ಲಿದ್ದರೆ ಮಾತೇ ಬೇರೆ.

ಮೊದಲು ಹೋದ ಗ್ಯಾರೇಜಿನಲ್ಲಿ ಸಿಕ್ಕಿದ್ದು ಆ ಒಂದೇ ಉತ್ತರ. “ಹೀಟರ್ ಕೋರ್ ಹೋಗಿದೆ ಮೇಡಂ. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು. ಹಳೇ ಗಾಡಿ, ಪ್ಲಾಸ್ಟಿಕ್ ಕ್ಲಿಪ್ಪುಗಳು ಮುರಿದರೆ ನಾವು ಜವಾಬ್ದಾರಿ ಅಲ್ಲ.” ಬಾನೆಟ್ ಎತ್ತಿ ನೋಡುವ ಮೊದಲೇ ಈ ಮಾತು. ವಾಪಸ್ ಬಂದೆ.

ಕಾರಿನ ಹೀಟರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಎಂಜಿನ್ ಸುಡುವ ಪೆಟ್ರೋಲಿನ ಶಾಖದಲ್ಲಿ ಒಂದು ಪಾಲು ಎಂಜಿನ್ನನ್ನು ತಂಪಾಗಿಡಲು ಸುತ್ತುವ ನೀರಿಗೆ, ಅಂದರೆ ಕೂಲೆಂಟಿಗೆ, ಹೋಗುತ್ತದೆ. ಆ ಬಿಸಿ ನೀರಿನ ಒಂದು ಕವಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಅದೇ ಹೀಟರ್ ಕೋರ್. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ. ಹಾಗಾಗಿ ತಣ್ಣನೆಯ ಗಾಳಿ ಬರಲು ಕಾರಣ ನಾಲ್ಕು ಕಡೆ ಇರಬಹುದು: ಎಂಜಿನ್ನೇ ಬಿಸಿಯಾಗುತ್ತಿಲ್ಲ, ಬಿಸಿಯಾದ ನೀರು ಕೋರಿಗೆ ತಲುಪುತ್ತಿಲ್ಲ, ತಲುಪಿದರೂ ಕೋರಿನೊಳಗೆ ಹರಿಯುತ್ತಿಲ್ಲ, ಅಥವಾ ಗಾಳಿ ಕೋರಿನ ಮೂಲಕ ಹಾಯುತ್ತಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುವುದು ಮೂರನೆಯದಕ್ಕೆ, ಅದೂ ತೊಳೆದು ಸರಿಹೋಗದಿದ್ದರೆ ಮಾತ್ರ.

ಗಾಳಿಯ ಕಡೆಯದು ಸುಲಭ, ಅದನ್ನು ಮೊದಲು ಮುಗಿಸಿದೆವು. ನಮ್ಮ ಮನೆ ಮುಂದೆ ಕಾರು ನಿಲ್ಲುವುದು ತೋಟದ ಅಂಚಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ. ವೈಪರ್ ಬುಡದ ಜಾಲರಿಯಿಂದ ಒಳಗಿಳಿದ ಎಲೆ, ಕಡ್ಡಿ, ಒಣಗಿದ ಹೂವು ಬ್ಲೋವರ್ ಚಕ್ರದಲ್ಲಿ ಸುತ್ತಿಕೊಂಡಿದ್ದವು. ಈ ಕಾಲದ ಕಾರುಗಳಲ್ಲಿರುವಂತೆ ಇದರಲ್ಲಿ ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಇಲ್ಲ. ಎಡಗಡೆಯ ಗ್ಲೋವ್ ಬಾಕ್ಸ್ ತೆಗೆದರೆ ಬ್ಲೋವರ್ ಕೈಗೆ ಸಿಗುತ್ತದೆ, ಮೂರು ಸ್ಕ್ರೂ. ನನ್ನ ತಮ್ಮ ಅದನ್ನು ಇಳಿಸಿ ಬ್ರಷ್ಷಿನಲ್ಲಿ ಉಜ್ಜಿ ಹಾಕಿದ. ಗಾಳಿಯ ರಭಸ ಹೆಚ್ಚಿತು, ಬಿಸಿ ಹೆಚ್ಚಲಿಲ್ಲ.

ಇನ್ನು ಎಂಜಿನ್ ಬಿಸಿಯಾಗುತ್ತಿದೆಯೇ ಎಂಬುದು. ಇದಕ್ಕೆ ಒಂದು ಪರೀಕ್ಷೆ ಇದೆ, ಯಾವ ಸಾಧನವೂ ಬೇಡ, ಕೈ ಸಾಕು. ರಾತ್ರಿಯಿಡೀ ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಎಂಜಿನ್‌ನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ಪೈಪನ್ನು ಆಗಾಗ ಮುಟ್ಟಿ ನೋಡಬೇಕು. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಸೆರಗು, ದುಪಟ್ಟಾ ದೂರವಿರಬೇಕು. ನಾನು ಸ್ವೆಟರಿನ ತೋಳು ಮಡಚಿ, ಜಡೆ ಗಂಟು ಹಾಕಿಕೊಂಡೇ ಬಗ್ಗಿದ್ದು. ಎಲ್ಲ ಸರಿಯಿದ್ದರೆ ಎಂಜಿನ್ ಕಾವೇರುವವರೆಗೆ ಆ ಪೈಪು ತಣ್ಣಗೇ ಇರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಎಂಜಿನ್ ಕಾವೇರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಬಾಯಿ ತೆರೆದ ಗಳಿಗೆ ಅದು. ನಮ್ಮ ಕಾರಿನಲ್ಲಿ ಪೈಪು ಮೊದಲ ನಿಮಿಷದಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾಗುತ್ತ ಹೋಯಿತು. ತಡೆಯುವವರು ಯಾರೂ ಇಲ್ಲ, ನೀರು ಶುರುವಿನಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತಿದೆ ಅಂತ ಅರ್ಥ.

ಇನ್ನೊಂದು ರೀತಿಯಲ್ಲೂ ಖಾತ್ರಿ ಮಾಡಿಕೊಂಡೆವು. ರೇಡಿಯೇಟರಿನ ಮುಂಭಾಗದ ಅರ್ಧಕ್ಕೆ ರಟ್ಟು ಅಡ್ಡ ಕಟ್ಟಿ, ಮೀಟರಿನ ಮೇಲೆ ಕಣ್ಣಿಟ್ಟು, ಬಣಕಲ್‌ನಿಂದ ಕೊಟ್ಟಿಗೆಹಾರದವರೆಗೆ ನಿಧಾನ ಹೋಗಿ ಬಂದೆವು. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಹೀಟರ್ ಗಾಳಿಯೂ ಬಿಸಿಯಾಯಿತು. ಇದು ಪರೀಕ್ಷೆಗೆ ಮಾತ್ರ, ಮನೆಗೆ ಬಂದ ಕೂಡಲೇ ರಟ್ಟು ಬಿಚ್ಚಿದೆವು. ಕಟ್ಟಿಕೊಂಡೇ ಓಡಾಡಿದರೆ ಒಂದು ದಿನ ಎಂಜಿನ್ ಕುದಿಯುತ್ತದೆ.

ಭಾನುವಾರ ತಮ್ಮ ಥರ್ಮೋಸ್ಟಾಟಿನ ಮುಚ್ಚಳದ ಎರಡು ಬೋಲ್ಟ್ ಬಿಚ್ಚಿದ. ಒಳಗೆ ಖಾಲಿ.

“ಅಕ್ಕಾ, ಇಲ್ಲಿ ವಾಲ್ವೇ ಇಲ್ಲ ಕಣೇ!”

ಮಾವನಿಗೆ ಫೋನ್ ಮಾಡಿದೆ. ಸ್ವಲ್ಪ ಯೋಚಿಸಿ ಹೇಳಿದರು: “ಹೌದು ಕಣಮ್ಮ, ಒಂದು ಬೇಸಿಗೇಲಿ ಬೀರೂರು ಹತ್ರ ಗಾಡಿ ಕುದ್ದುಬಿಡ್ತು. ಅಲ್ಲೇ ಯಾರೋ ಒಬ್ರು ಅದ್ಯಾವುದೋ ವಾಲ್ವ್ ಕಿತ್ತಾಕಿದ್ರು. ‘ನಮ್ಮೂರ ಬಿಸಿಲಿಗೆ ಇದು ಬೇಡ ಗೌಡ್ರೆ, ನೀರು ಫ್ರೀಯಾಗಿ ಓಡಾಡ್ಲಿ’ ಅಂದ್ರು. ಆಮೇಲೆ ಕುದೀಲೂ ಇಲ್ಲ, ನಾನು ಮರ್ತೇಬಿಟ್ಟೆ.”

ನಮ್ಮಲ್ಲಿ ಇದು ಬಹಳ ಕಡೆ ನಡೆಯುವ ರಿಪೇರಿ. ಕಾರು ಕುದಿಯಿತು ಅಂದರೆ ಥರ್ಮೋಸ್ಟಾಟ್ ತೆಗೆದು ಎಸೆಯುವುದು. ಬಾಯಿ ಮುಚ್ಚಿಕೊಂಡೇ ಕೂತ ವಾಲ್ವನ್ನು ತೆಗೆದರೆ ಗಾಡಿ ಆ ಹೊತ್ತಿಗೆ ಮನೆ ಮುಟ್ಟುತ್ತದೆ, ನಿಜ. ಆದರೆ ಹೊಸದನ್ನು ಹಾಕದೆ ಹಾಗೇ ಬಿಡುವುದು ಎಂಜಿನ್ನಿಗೆ ಮಾಡುವ ಅನ್ಯಾಯ. ಅದು ಅಳತೆಯ ಕಾವಿನಲ್ಲಿ ಕೆಲಸ ಮಾಡಲಿ ಅಂತಲೇ ಆ ವಾಲ್ವ್ ಇರುವುದು. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ, ಸ್ವಲ್ಪ ಆಯಿಲ್‌ಗೆ ಸೇರಿಕೊಳ್ಳುತ್ತದೆ, ಸಿಲಿಂಡರ್ ಗೋಡೆ ಬೇಗ ಸವೆಯುತ್ತದೆ. ಇಂಜೆಕ್ಷನ್ ಇರುವ ಕಾರಿನಲ್ಲಿ ಇನ್ನೊಂದು ನಷ್ಟ: ಕೂಲೆಂಟ್ ಸೆನ್ಸರ್ ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದು ಹೇಳುತ್ತಲೇ ಇರುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಕಡೂರಿನ ಏಪ್ರಿಲ್ ಬಿಸಿಲಿನಲ್ಲಿ ಇದು ಗೊತ್ತಾಗುವುದಿಲ್ಲ. ಬಣಕಲ್ಲಿನ ಜಡಿಮಳೆಯಲ್ಲಿ, ಥಂಡಿ ಗಾಳಿ ರೇಡಿಯೇಟರಿಗೆ ಬಡಿಯುತ್ತಿರುವಾಗ, ಅದೇ ರಿಪೇರಿ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಎಲ್ಲ ಬಾಗಿಲು ತೆರೆದಿಟ್ಟು ಒಲೆ ಹಚ್ಚಿ ಮನೆ ಬೆಚ್ಚಗಾಗಲಿ ಅಂತ ಕೂತಂತೆ. ಘಾಟಿ ಇಳಿಯುವಾಗ ಕಾಲು ಆಕ್ಸಿಲರೇಟರಿನಿಂದ ಮೇಲಿರುತ್ತದೆ, ಎಂಜಿನ್ನಿಗೆ ಹೊರೆಯಿಲ್ಲ, ಹುಟ್ಟುವ ಅಲ್ಪ ಬಿಸಿಯನ್ನೂ ರೇಡಿಯೇಟರ್ ಕಸಿದುಕೊಳ್ಳುತ್ತದೆ. ಹತ್ತುವಾಗ ಬಿಸಿ, ಇಳಿಯುವಾಗ ತಣ್ಣಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದ ಸಾಲಿಗೆ ಕಾರಣ ಸಿಕ್ಕಿತು.

ಹೊಸ ಥರ್ಮೋಸ್ಟಾಟ್ ಚಿಕ್ಕಮಗಳೂರಿನಲ್ಲಿ, ಹನುಮಂತಪ್ಪ ಸರ್ಕಲ್ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ “ಎಷ್ಟು ಡಿಗ್ರಿದು ಬೇಕಮ್ಮ?” ಎಂದು. ಕೇಳುವ ಅಂಗಡಿ ಒಳ್ಳೆಯ ಅಂಗಡಿ. ವಾಲ್ವಿನ ಮೇಲೆ ತೆರೆಯುವ ಉಷ್ಣಾಂಶ ಕೊರೆದಿರುತ್ತದೆ. ನಮ್ಮ ಎಂಜಿನ್ನಿಗೆ ಹೇಳಿದ್ದು 82 ಡಿಗ್ರಿ. ಬೇಸಿಗೆಗೆ ಇನ್ನೂ ಕಡಿಮೆಯದು ಹಾಕಿಸಿಕೊಳ್ಳಿ ಎನ್ನುವವರೂ ಇದ್ದಾರೆ, ಕೇಳಬೇಡಿ. ಮ್ಯಾನ್ಯುಯಲ್ಲಿನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. ಜೊತೆಗೆ ಮುಚ್ಚಳದ ಸಂದಿಯಲ್ಲಿ ನೀರು ಸೋರದಂತೆ ಕೂರಿಸುವ ಪೇಪರ್ ಗ್ಯಾಸ್ಕೆಟ್ಟನ್ನೂ ತಂದೆ.

ಹಾಕುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷಿಸಿದೆವು. ಪಾತ್ರೆಯಲ್ಲಿ ನೀರು, ಅದರಲ್ಲಿ ದಾರಕ್ಕೆ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಟ್ಟ ಥರ್ಮೋಸ್ಟಾಟ್, ಪಕ್ಕದಲ್ಲಿ ಶಾಲೆಯ ಲ್ಯಾಬಿನ ಥರ್ಮಾಮೀಟರ್. 82ರ ಆಸುಪಾಸಿಗೆ ಬಾಯಿ ಬಿರಿಯಲು ಶುರುವಾಗಿ, 95ರ ಹತ್ತಿರ ಪೂರ್ತಿ ತೆರೆಯಿತು. ಅದರ ಹೊಟ್ಟೆಯಲ್ಲಿ ಮೇಣ ಇರುತ್ತದೆ. ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ದೂಡುತ್ತದೆ, ತಣ್ಣಗಾದರೆ ಸ್ಪ್ರಿಂಗು ಹಿಂದೆ ಎಳೆಯುತ್ತದೆ. ಬ್ಯಾಟರಿ ಇಲ್ಲ, ತಂತಿ ಇಲ್ಲ. ಒಂಬತ್ತನೇ ತರಗತಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಕಂಡಿಲ್ಲ, ತೋರಿಸಿಯೂ ತೋರಿಸಿದೆ. ಮನೆಯಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಮಾತು: ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಲೆನಾಡಿನ ಊರುಗಳಲ್ಲಿ ಥರ್ಮಾಮೀಟರ್ 100 ಮುಟ್ಟಲಿಲ್ಲ ಅಂತ ಗಾಬರಿ ಬೀಳಬೇಕಿಲ್ಲ.

ಕೂರಿಸುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ ಮುಖಕ್ಕೆ ಇರಬೇಕು, ಗಾಳಿ ಹೋಗಲು ಬಿಟ್ಟಿರುವ ಸಣ್ಣ ತೂತು ಮೇಲಕ್ಕೆ ಬರಬೇಕು. ಹಳೇ ಗ್ಯಾಸ್ಕೆಟ್ ಹೆರೆದು ತೆಗೆಯುವಾಗ ಅಲ್ಯೂಮಿನಿಯಂ ಮೈಗೆ ಗೀರು ಬೀಳದಂತೆ ತಮ್ಮ ಮರದ ಚಕ್ಕೆ ಬಳಸಿದ. ಬೋಲ್ಟನ್ನು ಜೋರಾಗಿ ಬಿಗಿಯುವ ಹಾಗಿಲ್ಲ, ಎಳೆ ಕಿತ್ತುಕೊಂಡು ಬರುತ್ತದೆ.

ಮುಳ್ಳು ಈಗ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದು ಅಲ್ಲೇ ನಿಂತಿತು, ಹತ್ತಲಿ ಇಳಿಯಲಿ ಕದಲಲಿಲ್ಲ. ಬಿಸಿ ಗಾಳಿ ಬರುವ ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ನೋಡಿದರೆ, ಮೊದಲು 34 ಇದ್ದದ್ದು 43ಕ್ಕೆ ಏರಿತ್ತು. ಏರಿದ್ದು ಸಂತೋಷ, ಆದರೆ ಕೂಲೆಂಟ್ 80ರ ಮೇಲಿರುವಾಗ ಗಾಳಿ 43 ಎಂದರೆ ಇನ್ನೂ ಎಲ್ಲೋ ತಡೆಯಿದೆ.

ಮತ್ತೆ ಬಾನೆಟ್ ಎತ್ತಿ, ಎಂಜಿನ್ ಹಿಂದಿನ ಗೋಡೆಯೊಳಗೆ ಹೋಗುವ ಎರಡು ಹೀಟರ್ ಪೈಪುಗಳನ್ನು ಮುಟ್ಟಿದೆ. ಒಂದು ಹಿಡಿಯಲಾಗದಷ್ಟು ಬಿಸಿ, ಇನ್ನೊಂದು ಬೆಚ್ಚಗೆ ಅಷ್ಟೇ. ಈ ಎರಡು ಪೈಪುಗಳನ್ನು ಮುಟ್ಟದೆ ಯಾರೂ ಹೀಟರ್ ಬಗ್ಗೆ ತೀರ್ಪು ಕೊಡಬಾರದು. ಎರಡೂ ಒಂದೇ ಸಮ ಬಿಸಿಯಿದ್ದರೆ ನೀರು ಸರಿಯಾಗಿ ಹರಿಯುತ್ತಿದೆ, ದೋಷ ಗಾಳಿಯ ಕಡೆ. ಎರಡೂ ತಣ್ಣಗಿದ್ದರೆ ನೀರು ಕಡಿಮೆಯಾಗಿದೆ, ಗಾಳಿ ಸಿಕ್ಕಿಕೊಂಡಿದೆ ಅಥವಾ ಹೀಟರ್ ವಾಲ್ವ್ ಮುಚ್ಚಿದೆ. ಒಂದು ಬಿಸಿ, ಒಂದು ಬೆಚ್ಚಗೆ ಇದ್ದರೆ ನಡುವೆ ಹರಿವು ಕಟ್ಟಿದೆ.

ನಮ್ಮ ಕಾರಿನಲ್ಲಿ ಆ ಪೈಪಿನ ದಾರಿಯಲ್ಲಿ ಒಂದು ಹೀಟರ್ ವಾಲ್ವ್ ಇದೆ, ಡ್ಯಾಶ್‌ಬೋರ್ಡಿನ ಲಿವರಿನಿಂದ ಕೇಬಲ್ ಅದಕ್ಕೆ ಬರುತ್ತದೆ. ತಮ್ಮ ಒಳಗೆ ಕೂತು ಲಿವರ್ ಎಳೆದ, ನಾನು ಹೊರಗಿಂದ ನೋಡಿದೆ. ಲಿವರ್ ಪೂರ್ತಿ ಬಿಸಿಯ ಕಡೆ ಹೋದರೂ ವಾಲ್ವಿನ ತೋಳು ಅರ್ಧಕ್ಕೇ ನಿಲ್ಲುತ್ತಿತ್ತು. ಕೇಬಲ್ಲಿನ ಹೊರಕವಚ ಕ್ಲಿಪ್ಪಿನಿಂದ ಜಾರಿ, ಎಳೆದಾಗ ತಂತಿಯ ಬದಲು ಕವಚವೇ ಓಡಾಡುತ್ತಿತ್ತು. ಕೈಯಲ್ಲಿ ತೋಳನ್ನು ಕೊನೆಯವರೆಗೆ ದೂಡಿ, ಕವಚವನ್ನು ಸರಿಯಾದ ಜಾಗಕ್ಕೆ ತಂದು ಕ್ಲಿಪ್ ಒತ್ತಿದೆ. ಒಂದು ಪೈಸೆ ಖರ್ಚಿಲ್ಲ. ಗಾಳಿ ಇನ್ನಷ್ಟು ಬಿಸಿಯಾಯಿತು, ಆದರೂ ಎರಡು ಪೈಪುಗಳ ನಡುವಿನ ವ್ಯತ್ಯಾಸ ಹೋಗಲಿಲ್ಲ.

ಉಳಿದದ್ದು ಕೋರ್. ಇಲ್ಲಿ ಮತ್ತೆ ಕಡೂರು ಬರುತ್ತದೆ. ಮಾವ ರೇಡಿಯೇಟರಿಗೆ ವರ್ಷಗಟ್ಟಲೆ ಹಾಕಿದ್ದು ಬೋರ್‌ವೆಲ್ ನೀರು. ಕಡೂರು, ಅರಸೀಕೆರೆ ಕಡೆಯ ಬೋರ್ ನೀರು ಗಡಸು. ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ಅಲ್ಲಿಯವರೆಲ್ಲ ಬಲ್ಲರು. ಅದೇ ಸುಣ್ಣದ ಪದರ ಎಂಜಿನ್ನಿನೊಳಗೂ ಕೂರುತ್ತದೆ. ಜೊತೆಗೆ ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶ ಇಲ್ಲದ್ದರಿಂದ ಕಬ್ಬಿಣದ ಭಾಗಗಳ ತುಕ್ಕೂ ಸೇರುತ್ತದೆ. ನಮ್ಮ ಮಲೆನಾಡಿನ ನೀರು ಮೆದು, ಸುಣ್ಣ ಕಟ್ಟುವುದಿಲ್ಲ. ಆದರೆ ತುಕ್ಕು ಇಲ್ಲಿಯೂ ತಪ್ಪಿದ್ದಲ್ಲ. ಹೀಟರ್ ಕೋರಿನ ಕೊಳವೆಗಳು ಸಪೂರ, ಹರಿವು ನಿಧಾನ, ಹಾಗಾಗಿ ಕಸರು ಮೊದಲು ತಂಗುವ ಜಾಗಗಳಲ್ಲಿ ಅದೂ ಒಂದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು ಇಳಿಸಿ, ಎರಡೂ ಹೀಟರ್ ಪೈಪುಗಳನ್ನು ಕಳಚಿದೆವು. ಹಳೇ ರಬ್ಬರ್ ಪೈಪನ್ನು ಎಳೆದು ಕೀಳಬಾರದು, ಕೋರಿನ ತೆಳು ಕೊಳವೆ ಬಾಗಿದರೆ ಆಗ ನಿಜಕ್ಕೂ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಮೊದಲು ತಿರುಚಿ ಸಡಿಲಿಸಿ, ಬರದಿದ್ದರೆ ಪೈಪನ್ನೇ ಉದ್ದಕ್ಕೆ ಸೀಳಿ ತೆಗೆಯಬೇಕು. ನೀರು ಹೊರಬರುವ ಬಾಯಿಗೆ ತೋಟದ ಪೈಪು ಹಿಡಿದು, ಮಾಮೂಲಿ ಹರಿವಿಗೆ ಎದುರಾಗಿ ನೀರು ಬಿಟ್ಟೆವು, ಮೆಲ್ಲಗೆ. ಸ್ಪ್ರಿಂಕ್ಲರ್ ಪಂಪಿನ ಒತ್ತಡ ಕೊಟ್ಟರೆ ಹಳೇ ಕೋರ್ ಒಡೆಯುತ್ತದೆ. ಇನ್ನೊಂದು ಬಾಯಿಂದ ಮೊದಲು ಕೆಂಪುಗಂದು ನೀರು, ಆಮೇಲೆ ಕಪ್ಪು ಕೆಸರು, ಬಿಳಿ ಚಕ್ಕೆಗಳು. ನೀರು ತಿಳಿಯಾದ ಮೇಲೂ ಹರಿವು ಸಪೂರವೇ ಇತ್ತು.

ಆಗ ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುವ ಅದೇ ಸಿಟ್ರಿಕ್ ಆಮ್ಲ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚದಷ್ಟು ಕರಗಿಸಿ, ಕೋರಿನೊಳಗೆ ತುಂಬಿ, ಅರ್ಧ ಗಂಟೆ ಬಿಟ್ಟು ತೊಳೆದೆವು. ಸುಣ್ಣ ಆಮ್ಲಕ್ಕೆ ಕರಗಿ ಗುಳ್ಳೆ ಎಬ್ಬಿಸುವುದು ಪೈಪಿನ ಬಾಯಲ್ಲೇ ಕಾಣುತ್ತಿತ್ತು. ಇನ್ನೊಂದು ಸಲ ಹಾಗೇ ಮಾಡಿ, ಕೊನೆಗೆ ಸಾಕಷ್ಟು ಹೊತ್ತು ಬರೀ ನೀರು ಹರಿಸಿದೆವು. ರಾತ್ರಿಯಿಡೀ ನೆನೆಸಿಡುವವರಿದ್ದಾರೆ; ಕೋರ್ ಅಲ್ಯೂಮಿನಿಯಂ ಆದರೆ ಅದು ಬೇಡ, ಆಮ್ಲ ಲೋಹವನ್ನೂ ತಿನ್ನುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಹತ್ತಿರವೂ ತರಬಾರದು. ಕೊನೆಯಲ್ಲಿ ನೀರು ಬಾಯಿ ತುಂಬ ಬರತೊಡಗಿದಾಗ ತಮ್ಮ ಕೂಗಿದ್ದು ಪಕ್ಕದ ತೋಟದವರಿಗೂ ಕೇಳಿಸಿತು.

ಇದೇ ಹೊತ್ತಿನಲ್ಲಿ ಬೇರೆ ಅನುಮಾನಗಳನ್ನೂ ತೀರಿಸಿಕೊಂಡೆವು. ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತದೆ, ಇರಲಿಲ್ಲ. ಕೋರ್ ಸೋರುತ್ತಿದ್ದರೆ ಕಾರಿನೊಳಗೆ ಸಿಹಿ ವಾಸನೆ, ಎಡಗಡೆ ಕಾಲಡಿಯ ಮ್ಯಾಟ್ ಒದ್ದೆ, ಗಾಜಿಗೆ ಒರೆಸಿದರೂ ಹೋಗದ ಜಿಡ್ಡು. ಅದೂ ಇರಲಿಲ್ಲ.

ತುಂಬಿಸಿದ್ದು ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಸಮ ಪಾಲು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಕೂಲೆಂಟ್ ಯಾಕೆ ಎನ್ನುತ್ತಾರೆ. ತುಕ್ಕು ತಡೆಯಲು ಬೇಕು, ಕುದಿಯುವ ಮಟ್ಟ ಏರಿಸಲು ಬೇಕು, ಪಂಪಿನ ಸೀಲಿಗೆ ಬೇಕು. ಹಸಿರು, ಕಿತ್ತಳೆ ಎಂದು ಬೇರೆ ಬೇರೆ ಬಗೆ ಬೆರೆಸಬಾರದು. ಇನ್ನೊಂದನ್ನು ತೋಟದ ಮನೆಯವರೆಲ್ಲ ನೆನಪಿಡಬೇಕು: ಕೂಲೆಂಟಿನ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚೆಲ್ಲಿದ ಕಡೆ ಧಾರಾಳ ನೀರು ಹಾಕಿ ತೊಳೆದೆವು, ಉಳಿದ ಡಬ್ಬ ಅಟ್ಟದ ಮೇಲೆ.

ತುಂಬಿಸುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಹೊರಡಿಸುವುದಕ್ಕೆ ನಮ್ಮ ಮನೆಯ ಏರು ದಾರಿಯೇ ಸಹಾಯವಾಯಿತು. ಕಾರಿನ ಮೂತಿ ಮೇಲಕ್ಕೆ ಇರುವಂತೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರ್ ಲಿವರ್ ಪೂರ್ತಿ ಬಿಸಿಗೆ ಇಟ್ಟು, ತಣ್ಣನೆ ಎಂಜಿನ್ನಿನಲ್ಲಿ ರೇಡಿಯೇಟರಿನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದೆವು. ಮೇಲಿನ ಪೈಪನ್ನು ಹಿಚುಕುತ್ತ, ಮಟ್ಟ ಇಳಿದಂತೆ ತುಂಬುತ್ತ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾದೆವು. ಬಿಸಿ ಎಂಜಿನ್ನಿನ ಕ್ಯಾಪನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೆ ಎರಚುತ್ತದೆ. ಮರುದಿನ ಬೆಳಿಗ್ಗೆ ಮಟ್ಟ ಮತ್ತೆ ಸ್ವಲ್ಪ ಇಳಿದಿತ್ತು, ತುಂಬಿಸಿದೆ.

ಕಿಂಡಿಯ ಗಾಳಿ ಈಗ 61 ಡಿಗ್ರಿ. ಘಾಟಿ ಇಳಿಯುವಾಗಲೂ 55ಕ್ಕಿಂತ ಕೆಳಗೆ ಬರಲಿಲ್ಲ. ಪೆಟ್ರೋಲ್ ಖರ್ಚೂ ಕಡಿಮೆಯಾಗಿದೆ.

ಗಾಜಿಗೆ ನಾನು ಅನುಸರಿಸುವ ಕ್ರಮ ಇದು: ಗಾಳಿ ಹೊರಗಿಂದ ಬರುವ ಹಾಗೆ ಲಿವರ್, ದಿಕ್ಕು ಗಾಜಿನ ಕಡೆ, ಹೀಟರ್ ಬಿಸಿಗೆ, ಜೊತೆಗೆ ಎಸಿ ಕೂಡ ಆನ್. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡುತ್ತದೆ. ನೋಡನೋಡುತ್ತಿದ್ದಂತೆ ಗಾಜು ತಿಳಿಯಾಗುತ್ತದೆ. ಬರೀ ಎಸಿ ಹಾಕಿಕೊಂಡು ಚಾರ್ಮಾಡಿ ಊರಿನ ಕಡೆಯ ಸೆಕೆಗೆ ಇಳಿದರೆ, ತಣ್ಣಗಾದ ಗಾಜಿನ ಹೊರಮೈಗೇ ಆವಿ ಕಟ್ಟುತ್ತದೆ, ಅದಕ್ಕೆ ವೈಪರ್ ಬೇಕು.

ಮಾವನಿಗೆ ಎಲ್ಲ ಹೇಳಿದೆ. “ಹಂಗಾದ್ರೆ ಆವತ್ತು ಗಾಡಿ ಯಾಕೆ ಕುದ್ದಿತ್ತು?” ಅಂತ ಕೇಳಿದರು. ಸರಿಯಾದ ಪ್ರಶ್ನೆ. ಕೋರಿನಲ್ಲಿ ಅಷ್ಟು ಸುಣ್ಣ ಇದ್ದರೆ ರೇಡಿಯೇಟರಿನಲ್ಲೂ ಇರಲೇಬೇಕು. ಮಳೆಗಾಲದಲ್ಲಿ ಅದು ಗೊತ್ತಾಗುವುದಿಲ್ಲ. ಮಾರ್ಚಿಗೆ ಮುಂಚೆ ರೇಡಿಯೇಟರ್ ಇಳಿಸಿ ರಾಡ್ ಹಾಕಿ ಕ್ಲೀನ್ ಮಾಡಿಸಬೇಕು, ಫ್ಯಾನ್ ಸ್ವಿಚ್ ಪರೀಕ್ಷಿಸಬೇಕು. ಹೀಟರ್ ಪೈಪುಗಳ ತುದಿಯಲ್ಲೂ ಸಣ್ಣ ಬಿರುಕು ಕಾಣುತ್ತಿದೆ, ಅವನ್ನೂ ಕ್ಲ್ಯಾಂಪ್ ಸಮೇತ ಆಗಲೇ ಬದಲಿಸುವುದು ಅಂತ ತಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ.